ಶಾಲು ಹೊದಿಸಿ ಮನೆಗೆ ಕಳಿಸುವುದು ಯಾವ ಸೀಮೆಯ ಗೌರವ?

ರೈಲ್ವೆ ಕಾಮಗಾರಿಯಲ್ಲಿ ತರಬೇತಿ ಪಡೆದ ಹಳ್ಳಿ ಹುಡುಗನಿಗೆ ‘ಉತ್ತಮ ಅಪ್ರೆಂಟಿಸ್’ ಗೌರವ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ. ಒಂದು ಶಾಲು, ಒಂದು ಫಲಕ, ಸಾಹೇಬರ ಪಕ್ಕದಲ್ಲಿ ಒಂದು ಫೋಟೋ. ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ದಿನ ಅದೇ ಓಡಾಡುತ್ತದೆ. ಮೂರನೇ ದಿನ ಯಾರೂ ಕೇಳದ ಪ್ರಶ್ನೆಯನ್ನು ನಾವು ಇಲ್ಲಿ ಕೇಳುತ್ತಿದ್ದೇವೆ: ಅಷ್ಟು ಉತ್ತಮನಾದವನನ್ನು ತರಬೇತಿ ಮುಗಿದ ದಿನವೇ ಗೇಟಿನಾಚೆ ಬಿಡುವುದು ಯಾಕೆ?

ಹಲಗೂರಿನಲ್ಲಿ ಕೂತು ರೈಲಿನ ಮಾತಾಡುವುದೇ ಒಂದು ತಮಾಷೆ ಅಂತ ನಮಗೂ ಗೊತ್ತು. ಇಲ್ಲಿಂದ ರೈಲು ಹತ್ತಬೇಕಾದರೆ ಮದ್ದೂರಿಗೋ ಚನ್ನಪಟ್ಟಣಕ್ಕೋ ಮೊದಲು ಬಸ್ಸು ಹಿಡಿಯಬೇಕು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿ.ಮೀ. ಹೊಸ ಮಾರ್ಗ 1996-97ರಲ್ಲೇ ಮಂಜೂರಾಯಿತು. ಹಾಸನ ಜಿಲ್ಲೆಯ ದೇವೇಗೌಡರು ಪ್ರಧಾನಿಯಾದದ್ದೂ ಅದೇ 1996ರಲ್ಲಿ. ಆಮೇಲೆ ಎಷ್ಟು ಸರ್ಕಾರ ಬಂದವು, ಎಷ್ಟು ಹೋದವು. ಆ ಹಳಿಯ ಮೇಲೆ ಇವತ್ತಿಗೂ ಗಾಡಿ ಓಡಿಲ್ಲ. ನಮ್ಮದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಇಲ್ಲಿಂದ ಹೊರಗೆ ಹೋಗುವುದು ಬೇಗ ಹೋಗುತ್ತದೆ, ಇಲ್ಲಿಗೆ ಬರಬೇಕಾದದ್ದು ಮಾತ್ರ ತಡ. ಹುಡುಗರೂ ಹಾಗೆಯೇ ಹೊರಗೆ ಹೋಗುತ್ತಾರೆ. ರೈಲು ಕಾಣದ ಹೋಬಳಿಯ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ರೈಲ್ವೆ ಅಪ್ರೆಂಟಿಸ್ ಅರ್ಜಿ ಹಾಕಿ ಮೈಸೂರು, ಬೆಂಗಳೂರು, ಹುಬ್ಬಳ್ಳಿ ಅಂತ ಹೊರಡುತ್ತಾರೆ.

ನಮಗೆ ಗೊತ್ತಿರುವ ಅಂಥವನೊಬ್ಬ ಸಿವಿಲ್ ಡಿಪ್ಲೊಮಾ ಮಾಡಿದವನು. ಹಳಿ ಕೆಲಸದ ಒಂದು ಕಾಮಗಾರಿ ಕಚೇರಿಯಲ್ಲಿ ವರ್ಷ ಕಳೆದ. ಬೆಳಿಗ್ಗೆ ಸೈಟಿನಲ್ಲಿ ಲೆವೆಲ್ ಹಿಡಿಯುವುದು, ಮಧ್ಯಾಹ್ನ ಮಣ್ಣಿನ ಲೆಕ್ಕ, ಜಲ್ಲಿ ಲೆಕ್ಕ, ಸಂಜೆ ಕಂಪ್ಯೂಟರಿನಲ್ಲಿ ಯಾವ ಕೆಲಸ ಎಷ್ಟು ದಿನ ಹಿಂದೆ ಬಿದ್ದಿದೆ ಅನ್ನುವ ಪಟ್ಟಿ. ಕಾಮಗಾರಿ ನಿರ್ವಹಣೆ ಅಂದರೆ ಇದೇ ತಾನೆ? ಯಾವ ದಿನ ಲಾರಿ ಬರಬೇಕು, ಲಾರಿ ಬರದಿದ್ದರೆ ಮುಂದಿನ ಯಾವ ಕೆಲಸ ನಿಲ್ಲುತ್ತದೆ, ಮಳೆಗೆ ಮೊದಲು ಯಾವ ಮೋರಿ ಮುಗಿಯಬೇಕು ಅಂತ ಮುಂಚೆಯೇ ಲೆಕ್ಕ ಹಾಕುವುದು. ಅವನು ಅದನ್ನು ಚೆನ್ನಾಗಿ ಮಾಡಿದ, ಮೇಲಿನವರು ಮೆಚ್ಚಿದರು, ಶಾಲೂ ಬಂತು. ಆದರೆ ಅಳತೆ ಪುಸ್ತಕದಲ್ಲಿ ಅವನ ಹೆಸರಿಲ್ಲ. ಅಲ್ಲಿ ಸಹಿ ಬೀಳುವುದು ಇಲಾಖೆಯವರದು ಮತ್ತು ಗುತ್ತಿಗೆದಾರರದು. ಫೋಟೋ ಹೇಗಿದೆಯಪ್ಪ ಅಂತ ನಾವು ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ಫೋಟೋ ಏನೋ ಚೆನ್ನಾಗ್ ಬಂದದೆ ಕಣಣ್ಣ. ಕೆಲ್ಸ ಎಲ್ಲದೆ?”

ಇದು ಒಬ್ಬ ಅಧಿಕಾರಿಯ ಕೆಟ್ಟತನದಿಂದ ಆದದ್ದಲ್ಲ. ಕಾನೂನೇ ಹಾಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕೆಲಸಗಾರನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ತಾಗುವುದಿಲ್ಲ. 2019ರ ನಿಯಮದಂತೆ ಐಟಿಐ ಹುಡುಗನಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ, ಡಿಪ್ಲೊಮಾದವನಿಗೆ 8,000, ಪದವೀಧರನಿಗೆ 9,000. ಬೆಂಗಳೂರಿನಲ್ಲಿ ರೂಮಿನ ಬಾಡಿಗೆ ಕಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

‘ಅಪ್ರೆಂಟಿಸ್’ ಅನ್ನುವ ಪದಕ್ಕೆ ರೈಲ್ವೆಯಲ್ಲೇ ಎರಡು ಬೆಲೆ ಇತ್ತು ಅನ್ನುವುದನ್ನು ನೆನಪಿಸಬೇಕು. ಬಿಹಾರದ ಜಮಾಲ್‌ಪುರದಲ್ಲಿ 1927ರಿಂದ ಸ್ಪೆಷಲ್ ಕ್ಲಾಸ್ ಅಪ್ರೆಂಟಿಸ್ ಅನ್ನುವ ವ್ಯವಸ್ಥೆ ನಡೆದುಬಂತು. ಪಿಯುಸಿ ಮುಗಿಸಿದ ಹುಡುಗರನ್ನು ಯುಪಿಎಸ್‌ಸಿ ಪರೀಕ್ಷೆಯಲ್ಲಿ ಆರಿಸಿ, ನಾಲ್ಕು ವರ್ಷ ತಯಾರು ಮಾಡಿ, ನೇರ ಅಧಿಕಾರಿಗಳನ್ನಾಗಿ ಮಾಡುತ್ತಿದ್ದರು. ಅವರಲ್ಲಿ ಹಲವರು ರೈಲ್ವೆಯ ಅತಿ ದೊಡ್ಡ ಕುರ್ಚಿಗಳಲ್ಲಿ ಕೂತರು. 2015ರಲ್ಲಿ ಅದನ್ನು ನಿಲ್ಲಿಸಿದರು. ಅಂದರೆ ಅಪ್ರೆಂಟಿಸ್ ಆಗಿ ಸೇರಿದವನನ್ನು ಕೈಹಿಡಿದು ಮೇಲೆ ತರುವ ವಿದ್ಯೆ ರೈಲ್ವೆಗೆ ಗೊತ್ತಿಲ್ಲದ್ದಲ್ಲ. ಯಾರ ಮಕ್ಕಳಿಗೆ ಅದನ್ನು ಮಾಡುವುದು ಅನ್ನುವುದಷ್ಟೇ ಪ್ರಶ್ನೆ.

ಹಾಗಾದರೆ ಟ್ರೇಡ್ ಅಪ್ರೆಂಟಿಸ್‌ಗಳಿಗೆ ಶೇ. 20 ಮೀಸಲು ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇದೆ. ಲೆವೆಲ್-1 ಹುದ್ದೆಗಳಲ್ಲಿ, ಅಂದರೆ ಹಿಂದೆ ಗ್ರೂಪ್ ಡಿ ಅನ್ನುತ್ತಿದ್ದ ಹುದ್ದೆಗಳಲ್ಲಿ. ರೈಲ್ವೆಯಲ್ಲೇ ತರಬೇತಿ ಮುಗಿಸಿ ಎನ್‌ಸಿವಿಟಿಯ ಸರ್ಟಿಫಿಕೇಟ್ ಪಡೆದವರಿಗೆ ಅದು. ಅವರೂ ಮತ್ತೆ ಗಣಿತ, ವಿಜ್ಞಾನ, ರೀಸನಿಂಗ್, ಪ್ರಚಲಿತ ವಿದ್ಯಮಾನದ ಪರೀಕ್ಷೆ ಬರೆಯಬೇಕು. ರೈಲ್ವೆಯ ವರ್ಕ್‌ಶಾಪಿನಲ್ಲೇ ವೆಲ್ಡಿಂಗ್ ಕಲಿತವನನ್ನು ರೈಲ್ವೆಯೇ ಪ್ರಚಲಿತ ವಿದ್ಯಮಾನ ಕೇಳಿ ಅಳೆಯುತ್ತದೆ. 2018ರ ಮಾರ್ಚ್ 20ರಂದು ಮುಂಬೈನ ಮಾಟುಂಗಾ, ದಾದರ್ ನಡುವೆ ಅಪ್ರೆಂಟಿಸ್‌ಗಳು ಹಳಿಯ ಮೇಲೆ ಕೂತು ಲೋಕಲ್ ರೈಲುಗಳನ್ನು ನಿಲ್ಲಿಸಿದ್ದು ಈ ಸಿಟ್ಟಿಗೇ. ಇನ್ನು ಕಾಮಗಾರಿ ಕಚೇರಿಯಲ್ಲಿ ಪಟ್ಟಿ, ಲೆಕ್ಕ, ಲೆವೆಲ್ ಕಲಿತ ಡಿಪ್ಲೊಮಾ ಹುಡುಗರಿಗೆ ಆ ಶೇ. 20ರೊಳಗೂ ಜಾಗವಿಲ್ಲ.

ನಮ್ಮ ಗುಂಪಿನಲ್ಲೇ ಒಬ್ಬರು ಎತ್ತಿದ ಆಕ್ಷೇಪಣೆಯನ್ನೂ ಹೇಳಿಬಿಡುತ್ತೇವೆ. ತರಬೇತಿ ಅಂದರೆ ನೌಕರಿಯ ವಾಗ್ದಾನವಲ್ಲ, ಎಲ್ಲರಿಗೂ ಕೆಲಸ ಕೊಟ್ಟರೆ ಹಗಲೂ ರಾತ್ರಿ ಓದಿ ಪರೀಕ್ಷೆ ಬರೆಯುವ ಬಡ ಮಕ್ಕಳ ಗತಿ ಏನು ಅಂತ. ಮಾತು ಸರಿಯಾಗಿದೆ. ಎಲ್ಲರಿಗೂ ಕೊಡಿ ಅಂತ ನಾವು ಕೇಳುತ್ತಿಲ್ಲ. 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನು? ಉಳಿದ ಅರ್ಹತೆಗಳೆಲ್ಲ ಸಮನಾಗಿದ್ದರೆ ನೇರ ನೇಮಕಾತಿಯವನಿಗಿಂತ ತರಬೇತಿ ಮುಗಿಸಿದವನಿಗೆ ಆದ್ಯತೆ ಕೊಡಿ ಅಂತ. 2014ರಲ್ಲಿ ತಿದ್ದಿದ 22ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತರಬೇತಿ ಮುಗಿಸಿದವರನ್ನು ತೆಗೆದುಕೊಳ್ಳುವ ಬಗ್ಗೆ ಪ್ರತಿಯೊಬ್ಬ ಮಾಲೀಕನೂ ತನ್ನದೇ ನೀತಿ ರೂಪಿಸಬೇಕು ಅನ್ನುತ್ತದೆ. ನೂರು ಜನರಲ್ಲಿ ಇವನೇ ಉತ್ತಮ ಅಂತ ನೀವೇ ವೇದಿಕೆ ಹತ್ತಿಸಿ ಹೇಳಿದ ಮೇಲೆ, ಆ ಮಾತಿಗೆ ನಿಮ್ಮ ನೇಮಕಾತಿಯಲ್ಲಿ ಒಂದೇ ಒಂದು ಅಂಕವಾದರೂ ಬೇಡವೇ?

ನೌಕರಿ ಕೊಡಲಾಗದಿದ್ದರೆ ಕಾಸು ಖರ್ಚಿಲ್ಲದ ಇನ್ನೊಂದು ಕೆಲಸವಿದೆ, ಅದನ್ನಾದರೂ ಮಾಡಲಿ. ಅವನು ಮಾಡಿದ್ದನ್ನು ಬರೆದುಕೊಡಲಿ. ‘ಶ್ರದ್ಧೆಯಿಂದ ತರಬೇತಿ ಪಡೆದಿರುತ್ತಾರೆ’ ಅನ್ನುವ ಅಚ್ಚು ಹಾಕಿದ ವಾಕ್ಯ ಬೇಡ. ಇಷ್ಟನೇ ಕಿ.ಮೀ.ಯಿಂದ ಇಷ್ಟನೇ ಕಿ.ಮೀ.ವರೆಗೆ ಲೆವೆಲ್ ತೆಗೆದಿದ್ದಾನೆ, ಇಷ್ಟು ಮೋರಿಗಳ ಅಳತೆ ಮಾಡಿದ್ದಾನೆ, ಕೆಲಸದ ವೇಳಾಪಟ್ಟಿ ಇಟ್ಟಿದ್ದಾನೆ ಅಂತ ಇಂಜಿನಿಯರು ಸಹಿ ಹಾಕಿದ ಒಂದು ಹಾಳೆ. ರೈಲ್ವೆ ಕಾಮಗಾರಿ ಹಿಡಿಯುವ ಗುತ್ತಿಗೆ ಕಂಪನಿಗಳು, ಕನ್ಸಲ್ಟೆನ್ಸಿಗಳು ಅನುಭವ ಎಷ್ಟು ಅಂತ ಕೇಳುವಾಗ ಆ ಹಾಳೆಗೆ ಬೆಲೆ ಇರುತ್ತದೆ. ಫಲಕಕ್ಕೆ ಇರುವುದಿಲ್ಲ. ಫಲಕ ಮನೆಯ ಶೋಕೇಸಿನಲ್ಲಿ ಕೂರುತ್ತದೆ, ಅವ್ವ ವಾರಕ್ಕೊಮ್ಮೆ ಧೂಳು ಒರೆಸುತ್ತಾಳೆ.

ಮಂಡ್ಯ ಜಿಲ್ಲೆಯ ಜನಪ್ರತಿನಿಧಿಗಳು ರೈಲು ಅಂದ ಕೂಡಲೇ ಮದ್ದೂರು, ಮಂಡ್ಯದಲ್ಲಿ ಯಾವ ಗಾಡಿ ನಿಲ್ಲಬೇಕು ಅನ್ನುವುದನ್ನಷ್ಟೇ ಮಾತಾಡುತ್ತಾರೆ. ಅದೂ ಬೇಕು. ಆದರೆ ಮಳವಳ್ಳಿ ಮಾರ್ಗ ನಾಳೆ ನಿಜವಾಗಿ ಶುರುವಾದರೆ ಲೆವೆಲ್ ಹಿಡಿಯುವವರು ಎಲ್ಲಿಂದ ಬರುತ್ತಾರೆ? ಕೆಲಸ ಕಲಿತ ನಮ್ಮ ಹುಡುಗರು ಅಷ್ಟರಲ್ಲಿ ಬೆಂಗಳೂರಿನಲ್ಲಿ ಡೆಲಿವರಿ ಬ್ಯಾಗು ಹೊತ್ತಿರುತ್ತಾರೆ.

ಮಾಹಿತಿ ಹಕ್ಕಿನಡಿ ನೈರುತ್ಯ ರೈಲ್ವೆಗೆ ನಾವು 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಮೂರು ಪ್ರಶ್ನೆ ಕಳಿಸುತ್ತಿದ್ದೇವೆ. ಕಳೆದ ಐದು ವರ್ಷದಲ್ಲಿ ನಿಮ್ಮಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದವರು ಎಷ್ಟು, ಅವರಲ್ಲಿ ನಿಮ್ಮಲ್ಲೇ ನೌಕರಿಗೆ ಬಂದವರು ಎಷ್ಟು, 22ನೇ ಕಲಮಿನಂತೆ ನೀವು ಬರೆದ ನೀತಿಯ ಪ್ರತಿ ಎಲ್ಲಿದೆ. ತರಬೇತಿ ಮುಗಿಸಿ ಮನೆಯಲ್ಲಿ ಕೂತಿರುವ ಹಲಗೂರು, ಮಳವಳ್ಳಿ, ಮದ್ದೂರು ಕಡೆಯ ಹುಡುಗರು, ಹುಡುಗಿಯರು ತಮ್ಮ ಸರ್ಟಿಫಿಕೇಟಿನ ನಕಲು ನಮಗೆ ತಲುಪಿಸಿದರೆ ಮೇಲ್ಮನವಿಯ ಹೊತ್ತಿಗೆ ಅನುಕೂಲವಾಗುತ್ತದೆ.