ಕರುವಿನ ಕೊಂಬು ಸುಡುವ ಮುನ್ನ ಹತ್ತು ನಿಮಿಷ

ಮಿಶ್ರತಳಿ ಕರುಗಳ ಕೊಂಬಿನ ಮೊಳಕೆಯನ್ನು ಕಾದ ಕಬ್ಬಿಣದಿಂದ ಸುಡಿಸುವ ಪದ್ಧತಿ ನಮ್ಮ ಹೈನುಗಾರರಲ್ಲಿ ರೂಢಿಯಲ್ಲಿದೆ. ಕೊಂಬಿಲ್ಲದ ಹಸುವಿನಿಂದ ಪಕ್ಕದ ಹಸುವಿನ ಕೆಚ್ಚಲಿಗಾಗಲಿ ಹಾಲು ಕರೆಯುವವರ ಕಣ್ಣಿಗಾಗಲಿ ಅಪಾಯವಿಲ್ಲ. ಆದ್ದರಿಂದ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. (ಹಳ್ಳಿಕಾರ್, ಅಮೃತಮಹಲ್ ರಾಸುಗಳ ಮಾತು ಬೇರೆ. ಅವುಗಳ ಕೊಂಬಿಗೆ ಕೈಹಚ್ಚಲು ಯಾವ ರೈತನೂ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ.) ತಕರಾರಿರುವುದು ಈ ಕೆಲಸವನ್ನು ಮರಗಟ್ಟಿಸುವ ಚುಚ್ಚುಮದ್ದಿಲ್ಲದೆ ಮಾಡಿಸುವುದರ ಬಗ್ಗೆ. ಮೂರು ಜನ ಕರುವನ್ನು ಅದುಮಿ ಹಿಡಿಯುವುದು, ನಾಲ್ಕನೆಯವನು ಸುಡುವುದು, "ಐದು ನಿಮಿಷದ ನೋವು, ಆಮೇಲೆ ಮರೆಯುತ್ತದೆ" ಎನ್ನುವುದು ಇನ್ನು ನಿಲ್ಲಬೇಕು.

ಬೇಸಾಯಶಾಸ್ತ್ರದವನಿಗೆ ಪಶುವೈದ್ಯರ ಸೂಜಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಈ ಮದ್ದಿನ ಮೂಲ ಇರುವುದೇ ಒಂದು ಬೆಳೆಯಲ್ಲಿ. 1930ರ ದಶಕದಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಹಾನ್ಸ್ ಫಾನ್ ಯೂಲರ್ ಎಂಬ ರಸಾಯನ ವಿಜ್ಞಾನಿ ಪತ್ರಹರಿತ್ತಿನ ಕೊರತೆಯಿದ್ದ ಜವೆಗೋಧಿ ಗಿಡಗಳನ್ನು ಅಭ್ಯಾಸ ಮಾಡುತ್ತಿದ್ದರು. ಆ ಗಿಡಗಳಲ್ಲಿ ಗ್ರಾಮೈನ್ ಎಂಬ ವಸ್ತು ದೊರೆಯಿತು. ಅದರ ರಚನೆಯನ್ನು ತಿಳಿಯಲು ಹೊರಟ ಹೋಲ್ಗರ್ ಎರ್ಟ್‌ಮನ್ ಅದಕ್ಕೆ ತೀರ ಹತ್ತಿರದ ಇನ್ನೊಂದು ಸಂಯುಕ್ತವನ್ನು ತಯಾರಿಸಿ ನಾಲಗೆಗೆ ಹಚ್ಚಿ ನೋಡಿದಾಗ ನಾಲಗೆ ಜೋಮು ಹಿಡಿಯಿತು. ಆ ಜಾಡನ್ನೇ ಹಿಡಿದು ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೊಕೇನ್ ತಯಾರಿಸಿದರು. 1948ರಲ್ಲಿ ಅದು ಝೈಲೊಕೇನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹಲ್ಲು ಕೀಳುವ ಮುನ್ನ ದಂತವೈದ್ಯರು ವಸಡಿಗೆ ಕೊಡುವ ಚುಚ್ಚುಮದ್ದು ಸಾಮಾನ್ಯವಾಗಿ ಇದೇ.

ನೋವಿನ ಸುದ್ದಿ ನರದಲ್ಲಿ ವಿದ್ಯುತ್ ಅಲೆಯಾಗಿ ಸಾಗುತ್ತದೆ. ನರತಂತುವಿನ ಪೊರೆಯಲ್ಲಿ ಸೋಡಿಯಂ ಒಳನುಗ್ಗಲು ತೂಬುಗಳಿವೆ. ಒಂದು ತೂಬು ತೆರೆದರೆ ಅದರ ಪ್ರಭಾವದಿಂದ ಮುಂದಿನದು, ಅದರಿಂದ ಅದರ ಮುಂದಿನದು, ಹೀಗೆ ಸುದ್ದಿ ಮಿದುಳಿನವರೆಗೆ ಹೋಗುತ್ತದೆ. ಲಿಗ್ನೊಕೇನ್ ಈ ತೂಬುಗಳನ್ನು ಒಳಗಿನಿಂದ ಮುಚ್ಚುತ್ತದೆ. ಆಗ ಗಾಯವಾದರೂ ಸುದ್ದಿ ಮುಟ್ಟುವುದಿಲ್ಲ. (ನಾವು ಸಿಂಪಡಿಸುವ ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳು ಇದೇ ತೂಬನ್ನು ಮುಚ್ಚಗೊಡದೆ ಹಿಡಿದು ಕೀಟವನ್ನು ಕೊಲ್ಲುತ್ತವೆ. ಸಿಂಪಡಣೆಯ ದಿನ ಮುಖ ಚುರುಗುಟ್ಟುವುದಕ್ಕೂ ಅದೇ ಕಾರಣ.) ನೋವನ್ನು ಒಯ್ಯುವ ಸಣ್ಣ ತಂತುಗಳು ಮೊದಲು ಸೋಲುತ್ತವೆ, ಒತ್ತಡವನ್ನು ಒಯ್ಯುವ ದಪ್ಪ ತಂತುಗಳು ನಂತರ. ಆದ್ದರಿಂದ ಮದ್ದು ಹಿಡಿದ ಕರುವೂ ತಲೆ ಒತ್ತಿದಾಗ ಕೊಸರಬಹುದು. ಇದರಿಂದ ಮದ್ದು ಕೆಲಸ ಮಾಡಲಿಲ್ಲ ಎಂದು ತಿಳಿಯಬಾರದು.

ಕೀವುಗಟ್ಟಿದ ಜಾಗದಲ್ಲಿ ಈ ಮದ್ದು ಸರಿಯಾಗಿ ಹಿಡಿಯದಿರುವುದನ್ನು ಹಲವರು ಕಂಡಿರಬಹುದು. ರೈತರಿಗೆ ಇದರ ಕಾರಣ ಹೊಸದೇನಲ್ಲ. ಚೌಳು ಮಣ್ಣಿನ ಮೇಲೆ ಯೂರಿಯಾ ಚೆಲ್ಲಿದರೆ ಅದರ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ, ಹುಳಿ ಮಣ್ಣಿನಲ್ಲಿ ಅದೇ ಸಾರಜನಕ ವಿದ್ಯುದಂಶ ಪಡೆದು ಅಮೋನಿಯಂ ಆಗಿ ನಿಲ್ಲುತ್ತದೆ. ಲಿಗ್ನೊಕೇನ್ ಕೂಡ ಅಂಥದೇ ದುರ್ಬಲ ಕ್ಷಾರ. ವಿದ್ಯುದಂಶವಿಲ್ಲದ ರೂಪ ಮಾತ್ರ ನರದ ಪೊರೆಯನ್ನು ದಾಟಬಲ್ಲದು. ಕೀವಿನ ಹುಳಿಯಲ್ಲಿ ಅದು ವಿದ್ಯುದಂಶ ಪಡೆದು ಹೊರಗೇ ಉಳಿಯುತ್ತದೆ. ಇಂಥಲ್ಲಿ ವೈದ್ಯರು ಕೀವಿನಿಂದ ದೂರದಲ್ಲಿ, ನರದ ದಾರಿಯಲ್ಲಿ ಚುಚ್ಚುತ್ತಾರೆ.

ಕರುವಿನ ಕೊಂಬಿಗೂ ಇದೇ ಕ್ರಮ. ಕಣ್ಣಿನ ಹೊರಮೂಲೆಯಿಂದ ಕೊಂಬಿನ ಬುಡದತ್ತ, ಹಣೆಯ ಮೂಳೆಯ ಅಂಚಿನ ಕೆಳಗೆ ನರ ಸಾಗುತ್ತದೆ. ಅದರ ಸುಮಾರು ಅರ್ಧ ದಾರಿಯಲ್ಲಿ ಪಶುವೈದ್ಯರು ಮದ್ದು ಹಾಕುತ್ತಾರೆ. ಆಮೇಲೆ ಹತ್ತು ನಿಮಿಷ ಕಾಯಬೇಕು. ಚುಚ್ಚಿದ ಮರುಕ್ಷಣವೇ ಕಬ್ಬಿಣ ಹಚ್ಚಿದರೆ ಮದ್ದು ಹಾಕಿಯೂ ಹಾಕದಂತೆ. ಮೇಲಿನ ರೆಪ್ಪೆ ಇಳಿಬೀಳುವುದು, ಕೊಂಬಿನ ಬುಡಕ್ಕೆ ಸೂಜಿ ತಾಗಿಸಿದರೆ ಕರು ಬೆಚ್ಚದಿರುವುದು ಮದ್ದು ಹಿಡಿದ ಗುರುತು. ಕರು ಎರಡು ತಿಂಗಳು ದಾಟುವುದರೊಳಗೆ ಕೆಲಸ ಮುಗಿಸುವುದು ಲೇಸು. ನಂತರ ಮೊಳಕೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ.

ಇಷ್ಟು ಓದಿ ಅಂಗಡಿಯಿಂದ ಬಾಟಲಿ ತಂದು ತಾವೇ ಚುಚ್ಚಲು ಹೊರಡುವವರಿಗೆ ಒಂದು ಲೆಕ್ಕ ಹೇಳಬೇಕು. ಶೇಕಡಾ 2ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಮದ್ದಿರುತ್ತದೆ. 40 ಕಿಲೋ ತೂಕದ ಕರುವಿಗೆ ಎರಡೂ ಕಡೆ ಸೇರಿ 10 ಮಿಲಿಲೀಟರ್ ಎಂದರೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಆಯಿತು. ಅದೇ 10 ಮಿಲಿಲೀಟರ್ 4 ಕಿಲೋದ ಮೇಕೆ ಮರಿಗೆ ಬಿದ್ದರೆ ಕಿಲೋಗೆ 50 ಮಿಲಿಗ್ರಾಂ! ಮರಿ ಉಳಿಯುವುದಿಲ್ಲ. ಮೇಕೆಯ ಕೊಂಬಿಗೆ ಒಂದಲ್ಲ, ಎರಡು ನರಗಳಿರುವುದರಿಂದ ಮದ್ದು ಹೆಚ್ಚು ಹಾಕುವ ಆಸೆಯೂ ಹೆಚ್ಚು. ಬಲ್ಲ ವೈದ್ಯರು ಮರಿಗಳಿಗೆ ಮದ್ದನ್ನು ತೆಳುಮಾಡಿ, ತೂಕ ನೋಡಿ ಕೊಡುತ್ತಾರೆ. ಅಳತೆ ಮೀರಿದರೆ, ಇಲ್ಲವೆ ಸೂಜಿ ರಕ್ತನಾಳಕ್ಕೆ ಹೊಕ್ಕರೆ, ಮದ್ದು ಮಿದುಳಿನ ಮತ್ತು ಹೃದಯದ ತೂಬುಗಳನ್ನೂ ಮುಚ್ಚುತ್ತದೆ. ಮೈ ಅದುರುವುದು, ಸೆಳವು, ಉಸಿರು ನಿಲ್ಲುವುದು ಒಂದರ ಹಿಂದೊಂದು ಬರುತ್ತವೆ. ವೈದ್ಯರು ಚುಚ್ಚಿದೊಡನೆ ಪಿಚಕಾರಿಯನ್ನು ಕೊಂಚ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುವುದು ಇದಕ್ಕಾಗಿಯೇ. ಅಡ್ರಿನಲಿನ್ ಬೆರೆಸಿದ ಬಾಟಲಿಗಳೂ ಇವೆ. ಅದು ರಕ್ತನಾಳಗಳನ್ನು ಕುಗ್ಗಿಸಿ ಮದ್ದನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಆದರೆ ಮೊಲೆತೊಟ್ಟು, ಬಾಲದ ತುದಿ, ಕಿವಿಗಳಿಗೆ ಅದು ಸಲ್ಲದು. ರಕ್ತ ಹರಿಯದೆ ಅಲ್ಲಿನ ಚರ್ಮವೇ ಸಾಯಬಹುದು.

ಹೋರಿಗೆ ಬೀಜ ಒಡೆಸುವಾಗಲೂ ಇದೇ ಮಾತು. ಬರ್ಡಿಜೊ ಇಕ್ಕಳದಿಂದ ಒತ್ತಿದರೆ ರಕ್ತ ಕಾಣುವುದಿಲ್ಲವಾದ್ದರಿಂದ ನೋವಿಲ್ಲ ಎಂಬ ನಂಬಿಕೆ ಬೇರೂರಿದೆ. ಒಳಗೆ ಜಜ್ಜಿಹೋಗುವುದು ನರವಿರುವ ಹುರಿಯೇ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಕೊಂಬು ತೆಗೆಯುವುದಕ್ಕೂ ಬೀಜ ಒಡೆಯುವುದಕ್ಕೂ ವಿನಾಯಿತಿ ಕೊಟ್ಟಿರುವುದು ನಿಜ, ಆದರೆ ಗೊತ್ತುಪಡಿಸಿದ ವಿಧಾನದಲ್ಲಿ ಮಾಡಿದರೆ ಮಾತ್ರ. ವಿನಾಯಿತಿಯನ್ನು ನೆನಪಿಡುವವರು ಈ ಷರತ್ತನ್ನು ಮರೆಯುತ್ತಾರೆ. ಪಶುವೈದ್ಯರಿಗೆ ಕೆಲಸದ ಒತ್ತಡವಿದೆ, ಹತ್ತು ನಿಮಿಷ ಕಾಯಲು ಪುರಸೊತ್ತಿಲ್ಲ ಎಂಬುದೂ ಒಂದು ಸಬೂಬು. ಒಂದೇ ದಿನ ಊರಿನ ಐದಾರು ಕರುಗಳನ್ನು ಒಟ್ಟಿಗೆ ತಂದು ಕಟ್ಟಿದರೆ ಕೊನೆಯದಕ್ಕೆ ಮದ್ದು ಹಾಕುವ ಹೊತ್ತಿಗೆ ಮೊದಲನೆಯದು ಸಿದ್ಧವಾಗಿರುತ್ತದೆ. ಹಾಲು ಉತ್ಪಾದಕರ ಸಂಘಗಳು ಇದನ್ನು ಏರ್ಪಡಿಸುವುದು ಕಷ್ಟವೇನಲ್ಲ.

ಮದ್ದಿನ ಪ್ರಭಾವ ಒಂದೆರಡು ಗಂಟೆ ಮಾತ್ರ. ಸುಟ್ಟ ಗಾಯದ ನೋವು ಆಮೇಲೆ ಮರುಕಳಿಸುತ್ತದೆ. ಆದ್ದರಿಂದ ಜೊತೆಗೆ ಮೆಲೋಕ್ಸಿಕಾಂ ಚುಚ್ಚುಮದ್ದನ್ನೂ ವೈದ್ಯರಲ್ಲಿ ಕೇಳಿ ಹಾಕಿಸುವುದು ಒಳ್ಳೆಯದು. ಡೈಕ್ಲೊಫೆನಾಕ್ ಬೇಡ. ಅದನ್ನು ಪಡೆದು ಸತ್ತ ದನವನ್ನು ತಿಂದು ರಣಹದ್ದುಗಳು ಅಳಿದಿದ್ದರಿಂದ ಜಾನುವಾರುಗಳಿಗೆ ಅದರ ಬಳಕೆಯನ್ನು ಭಾರತ ಸರ್ಕಾರ 2006ರಲ್ಲಿಯೇ ನಿಷೇಧಿಸಿದೆ.