ಮೂರಕ್ಷರದಲ್ಲಿ ಮುಚ್ಚಿಹೋದ ಹೆಸರುಗಳು

ಮನೆಗೆ ಹೆಸರಿಡುವುದು ಸಂತೋಷಕ್ಕಾಗಿ. ಶಾಲೆಗೆ ಹೆಸರಿಡುವುದು ಋಣಸ್ಮರಣೆಗಾಗಿ. ಯಾರ ನೆಲದ ಮೇಲೆ, ಯಾರ ಹಣದಿಂದ, ಯಾರ ದುಡಿಮೆಯಿಂದ ಈ ಗೋಡೆಗಳು ಎದ್ದವೆಂಬುದನ್ನು ಮುಂದಿನವರು ಮರೆಯದಿರಲೆಂದು ಹಿರಿಯರು ಬಾಗಿಲ ಮೇಲೆ ಹೆಸರು ಕೊರೆಯಿಸಿದರು. ಆ ಹೆಸರುಗಳ ಇಂದಿನ ಗತಿಯೇನು?

ಹೂವಿನ ಹಡಗಲಿಯಲ್ಲಿರುವುದು ಜಿ.ಬಿ.ಆರ್. ಕಾಲೇಜು; ಹಗರಿಬೊಮ್ಮನಹಳ್ಳಿಯಲ್ಲಿ ಜಿ.ವಿ.ಪಿ.ಪಿ.; ಹರಪನಹಳ್ಳಿಯಲ್ಲಿ ಎಸ್.ಯು.ಜೆ.ಎಂ. ಊರವರ ಮಾತಿನಲ್ಲಿ ಉಳಿದಿರುವುದು ಈ ಇಂಗ್ಲಿಷ್ ಅಕ್ಷರಗಳಷ್ಟೆ. ಬಳ್ಳಾರಿಯಲ್ಲಿಯೂ ಇದೇ ಕಥೆ. 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘದ ಮಹಿಳಾ ಕಾಲೇಜು ಅಲ್ಲಂ ಸುಮಂಗಳಮ್ಮನವರ ಸ್ಮಾರಕ. ಜನ ಅದನ್ನು ಎ.ಎಸ್.ಎಂ. ಎನ್ನುತ್ತಾರೆ. 1980ರಲ್ಲಿ ವಿಜಯನಗರ ಎಂಬ ಹೆಸರಿನಿಂದ ಆರಂಭವಾದ ಎಂಜಿನಿಯರಿಂಗ್ ಕಾಲೇಜಿಗೆ ಅನಂತರ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪನವರ ಹೆಸರು ಬಂದಿತು. ಅದೂ ನಾಲ್ಕೈದು ಅಕ್ಷರಗಳಲ್ಲಿ ಅಡಗಿತು. ಆದರೆ 1846ರಲ್ಲಿ ಲಂಡನ್ ಮಿಷನ್ನಿನವರು ತೆರೆದ ಶಾಲೆ ಇಂದಿಗೂ ವಾರ್ಡ್ಲಾ ಶಾಲೆಯೇ. ಕೊಟ್ಟೂರಿನದು ಕೊಟ್ಟೂರೇಶ್ವರ ಕಾಲೇಜೇ. ಮೊಟಕಾಗದ ಹೆಸರು ತಾನೇ ತನ್ನ ಕಥೆಯನ್ನು ಕೇಳಿಸಿಕೊಳ್ಳುತ್ತದೆ.

ಈ ಸೀಮೆಗೆ ಸ್ಮರಣೆಯ ಅಗತ್ಯ ಹೆಚ್ಚೆಂದು ನಾನು ಭಾವಿಸುತ್ತೇನೆ. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ನಾಡು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕು ಊರುಗಳೊಡನೆ ವಿಜಯನಗರ ಜಿಲ್ಲೆಯನ್ನು ಸೇರಿತು. ಇಷ್ಟು ಬಾರಿ ಮೇಲಧಿಕಾರದ ಊರು ಬದಲಾದಲ್ಲಿ ಶಾಲೆಯ ಹಳೆಯ ಕಾಗದಪತ್ರಗಳು ಒಂದೆಡೆ ಉಳಿಯುವುದು ದುಸ್ತರ. ಕಟ್ಟಡವೇ ಸಾಕ್ಷಿ ಹೇಳಬೇಕು.

ಹಣವಂತರ ಹೆಸರನ್ನು ಮಕ್ಕಳೇಕೆ ಜಪಿಸಬೇಕೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ನಾನು ಕೇಳುವುದು ಜಪವನ್ನಲ್ಲ, ಲೆಕ್ಕವನ್ನು. ದಾನಿಯ ಪೂರ್ಣ ಹೆಸರಿನೊಡನೆ ಕೊಟ್ಟುದೇನು, ಕೊಟ್ಟ ವರ್ಷವಾವುದು ಎಂಬುದು ತಿಳಿದರೆ, ಒಂದು ಚೀಲ ಜೋಳ ಕೊಟ್ಟ ರೈತನೂ, ಕೂಲಿ ಬಿಟ್ಟು ಕಲ್ಲು ಹೊತ್ತವನೂ ಆ ಲೆಕ್ಕದಲ್ಲಿ ಬರಬೇಕೆಂಬ ಮಾತು ತಾನಾಗಿಯೇ ಏಳುತ್ತದೆ. ಮೂರಕ್ಷರದ ಹಲಗೆಯಲ್ಲಿ ದೊಡ್ಡವರೂ ಇಲ್ಲ, ಸಣ್ಣವರೂ ಇಲ್ಲ.

ಗಾಂಧೀಜಿಯವರ ಚಿತಾಭಸ್ಮವನ್ನು ಸ್ಮಾರಕದಲ್ಲಿ ಕಾಪಾಡಿಕೊಂಡು ಬಂದಿರುವ ಊರು ಕೂಡ್ಲಿಗಿ. ಹರಪನಹಳ್ಳಿಯ ಭೀಮವ್ವನ ಹಾಡುಗಳನ್ನು ಹೆಣ್ಣುಮಕ್ಕಳು ಬಾಯಿಂದ ಬಾಯಿಗೆ ದಾಟಿಸಿ ಉಳಿಸಿದರು. ನೆನಪಿಡುವ ವಿದ್ಯೆ ಈ ಜನಕ್ಕೆ ಹೊಸದಲ್ಲ. ಈ ಐದು ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಕಟ್ಟಡದ ಮೇಲಿನ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆಯಿಸಲಿ. ಕೆಳಗೆ ನಾಲ್ಕು ಸಾಲು ಚರಿತ್ರೆಯಿರಲಿ. ಒಂಬತ್ತನೆಯ ತರಗತಿಯ ಮಕ್ಕಳು ಊರಿನ ವೃದ್ಧರನ್ನು ಕೇಳಿ ಆ ಸಾಲುಗಳನ್ನು ಸಿದ್ಧಪಡಿಸಲಿ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಕೇಳುವ ಮನಸ್ಸು ಬೇಕು. ಹೇಳಬಲ್ಲ ವೃದ್ಧರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸ ಈ ವರ್ಷವೇ ಆಗಲಿ.