ಕೆಂಪು ಹೋಯ್ತು ಅಂದ್ರೆ ವಾಸಿ ಆಯ್ತು ಅಂತಲ್ಲ (ಭಾಗ 6)

ಕಣ್ಣು ಕೆಂಪಾದ ತಕ್ಷಣ ಮೆಡಿಕಲ್ ಸ್ಟೋರ್‌ಗೆ ಹೋಗಿ "ಅಣ್ಣ, ಒಂದು ಐ ಡ್ರಾಪ್ಸ್ ಕೊಡಿ" ಅಂತೀವಲ್ಲ, ಆ ಅಭ್ಯಾಸ ನಿಲ್ಲಬೇಕು. ಕೇಳೋ ನಾವೂ ನಿಲ್ಲಿಸಬೇಕು, ಚೀಟಿ ಇಲ್ಲದೆ ಕೊಡೋ ಅಂಗಡಿಯವರೂ ನಿಲ್ಲಿಸಬೇಕು. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ 👇

ನೊಕಾರ್ಡಿಯಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಇರೋದು ಮಣ್ಣಲ್ಲಿ. ಹೊಲದಲ್ಲಿ ಕೆಲಸ ಮಾಡುವಾಗ ಮಣ್ಣೋ ಕಡ್ಡಿಯೋ ತಾಗಿ ಕಾರ್ನಿಯಾ, ಅಂದ್ರೆ ಕರಿಗುಡ್ಡೆ ಮೇಲಿನ ಗಾಜಿನಂಥ ಪದರ, ಗೀರಿದ್ರೆ ಒಳಗೆ ಸೇರ್ಕೊಂಡು ಹುಣ್ಣು ಮಾಡಬಹುದು. ಅಪರೂಪದ ಸೋಂಕು. ಎಳೆ ಎಳೆಯಾಗಿ ಕವಲೊಡೆದು ನಿಧಾನಕ್ಕೆ ಬೆಳೆಯೋದ್ರಿಂದ ಫಂಗಸ್ ಅಂತ ತಪ್ಪು ತಿಳಿಯೋದೂ ಇದೆ. ಆದ್ರೆ ಫಂಗಸ್ ಔಷಧಿ ಇದಕ್ಕೆ ಕೆಲಸ ಮಾಡಲ್ಲ. ಮಾಮೂಲಿ ಆಂಟಿಬಯಾಟಿಕ್ ಡ್ರಾಪ್ಸ್‌ಗೂ ಎಷ್ಟೋ ಸಲ ಬಗ್ಗಲ್ಲ. ಡಾಕ್ಟರ್‌ಗಳು ಸಾಮಾನ್ಯವಾಗಿ ಮೊದಲು ಕೊಡೋದು ಅಮಿಕಾಸಿನ್ ಡ್ರಾಪ್ಸ್, ಅದೂ ವಾರಗಟ್ಟಲೆ.

ಇದು ನೊಕಾರ್ಡಿಯಾನೇ ಅಂತ ಗೊತ್ತಾಗೋದು ಹೇಗೆ? ಕಣ್ಣಿಗೆ ನೋವು ಗೊತ್ತಾಗದ ಹಾಗೆ ಡ್ರಾಪ್ಸ್ ಹಾಕಿ, ಹುಣ್ಣಿಂದ ಚೂರು ಕೆರೆದು, ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಲ್ಯಾಬ್‌ನಲ್ಲಿ ಬೆಳೆಸಿ. ಕೌಂಟರ್ ಆಚೆ ನಿಂತು ಮುಖ ನೋಡಿ ಹೇಳೋ ವಿಷಯ ಅಲ್ಲ ಇದು.

ಇನ್ನು ಸ್ಟೆರಾಯ್ಡ್ ಸೇರಿದ ಡ್ರಾಪ್ಸ್. ಹಾಕಿದ ಒಂದೆರಡು ದಿನಕ್ಕೆ ಕೆಂಪು, ಉರಿ ಕಡಿಮೆ ಆಗಬಹುದು. "ಒಳ್ಳೇ ಔಷಧಿ" ಅಂತ ಖುಷಿ ಪಡ್ತೀವಿ. ಆದ್ರೆ ಅದು ಸೋಂಕಿನ ವಿರುದ್ಧ ದೇಹ ಮಾಡ್ತಿರೋ ಹೋರಾಟವನ್ನೇ ತಣ್ಣಗೆ ಮಾಡುತ್ತೆ, ಕ್ರಿಮಿನ ಕೊಲ್ಲಲ್ಲ.

ಇದಕ್ಕೆ ನಮ್ಮ ಪಕ್ಕದ ತಮಿಳುನಾಡಲ್ಲೇ ಸಾಕ್ಷಿ ಇದೆ. ಅರವಿಂದ್ ಕಣ್ಣಾಸ್ಪತ್ರೆಗಳು ಮತ್ತು ಅಮೆರಿಕದ ಸಂಶೋಧಕರು ಸೇರಿ, ಬ್ಯಾಕ್ಟೀರಿಯಾದಿಂದ ಕಾರ್ನಿಯಾ ಹುಣ್ಣಾದ 500 ಜನರ ಮೇಲೆ 'ಸ್ಕಟ್' ಅನ್ನೋ ಅಧ್ಯಯನ ಮಾಡಿದ್ರು. ಎಲ್ಲರಿಗೂ ಆಂಟಿಬಯಾಟಿಕ್, ಅರ್ಧ ಜನಕ್ಕೆ ಜೊತೆಗೆ ಸ್ಟೆರಾಯ್ಡ್. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಟ್ಟಾರೆ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದ್ರೆ ನೊಕಾರ್ಡಿಯಾ ಇದ್ದ 55 ಜನರಲ್ಲಿ, ಸ್ಟೆರಾಯ್ಡ್ ಸಿಕ್ಕವರ ಕಣ್ಣಿನ ಕಲೆ ಹೆಚ್ಚು ದೊಡ್ಡದಾಗಿತ್ತು. ನೆನಪಿಡಿ, ಇದು ಡಾಕ್ಟರ್ ಕಣ್ಗಾವಲಲ್ಲಿ, 48 ಗಂಟೆ ಆಂಟಿಬಯಾಟಿಕ್ ಹಾಕಿದ ಮೇಲೆ ಶುರು ಮಾಡಿದ ಸ್ಟೆರಾಯ್ಡ್. ಮನೇಲಿ ನಾವೇ ಹಾಕ್ಕೊಂಡ್ರೆ?

ಸ್ಟೆರಾಯ್ಡ್ ಕೆಟ್ಟದ್ದು ಅಂತಿಲ್ಲ. ಪೊರೆ ಆಪರೇಷನ್ ಆದ್ಮೇಲೆ ಡಾಕ್ಟರೇ ಬರೀತಾರೆ. ಸಮಸ್ಯೆ ಏನಂದ್ರೆ, ಅಜ್ಜಿಗೆ ಬರೆದುಕೊಟ್ಟು ಉಳಿದ ಆ ಬಾಟಲಿ ಆಮೇಲೆ ಮನೆಯವರೆಲ್ಲರ ಕಣ್ಣಿಗೂ ಬೀಳುತ್ತೆ.

"ಡಾಕ್ಟರ್ ಹತ್ರ ಹೋದ್ರೆ ಒಂದು ದಿನದ ಕೂಲಿ ಹೋಗುತ್ತೆ" ಅನ್ನೋರ ಮಾತು ಸುಳ್ಳಲ್ಲ. ನಾನು ಬಿಕಾಂ, ಲೆಕ್ಕದಲ್ಲೇ ಹೇಳ್ತೀನಿ. ಒಂದು ಕಡೆ ಬಸ್ ಚಾರ್ಜು, ಫೀಸು, ಒಂದು ದಿನದ ಕೂಲಿ. ಇನ್ನೊಂದು ಕಡೆ ತಿಂಗಳುಗಟ್ಟಲೆ ಚಿಕಿತ್ಸೆ, ಕೈಮೀರಿದ್ರೆ ಕಾರ್ನಿಯಾ ಕಸಿ, ಒಂದು ಕಣ್ಣಿನ ಬೆಳಕು. ಮೊದಲನೇ ಖರ್ಚು ಇವತ್ತೇ ಕಾಣುತ್ತೆ, ಎರಡನೇದು ಕಾಣಲ್ಲ. ಅಷ್ಟೇ ವ್ಯತ್ಯಾಸ.

ಹಾಗಾಗಿ ಕಣ್ಣು ಕೆಂಪಾಗಿ ಜೊತೆಗೆ ನೋವು, ಬೆಳಕು ನೋಡೋಕಾಗದೆ ಇರೋದು, ದೃಷ್ಟಿ ಮಂಜು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ಇದರಲ್ಲಿ ಯಾವುದಿದ್ರೂ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಕಡ್ಡಿ ತಾಗಿತ್ತಾ, ಲೆನ್ಸ್ ಹಾಕ್ತೀರಾ, ಈಗಾಗ್ಲೇ ಯಾವ ಡ್ರಾಪ್ಸ್ ಹಾಕಿದ್ದೀರಿ, ಎಲ್ಲಾ ಹೇಳಿ. ಬಾಟಲಿನೂ ತಗೊಂಡು ಹೋಗಿ.

ಹೊಲಕ್ಕೆ ಹೋಗೋ ಅಪ್ಪ, ಅಮ್ಮ, ಮಾವ ಇದ್ರೆ ಇವತ್ತೇ ಅವರಿಗೆ ಓದಿ ಹೇಳಿ 🙏

#ಕಣ್ಣಿನಆರೋಗ್ಯ #ಕಾರ್ನಿಯಾ #ಕನ್ನಡದಲ್ಲಿಆರೋಗ್ಯ